ಹಸಿರು ಕುರ್ಚಿ, ಹತ್ತು ಪ್ರಶ್ನೆ

ಆ ಹಸಿರು ಕುರ್ಚಿ ನ್ಯಾಯವಾಗಿ ದೊಡ್ಡ ಸೊಸೆಗೆ ಸಲ್ಲಬೇಕಾಗಿತ್ತು. ಮದುವೆಯಾದ ಹೊಸತರಲ್ಲೇ ಗಂಡ ಮಾತು ಕೊಟ್ಟಿದ್ದ. ಒಳ್ಳೆ ಮರದ ಹಳೇ ಚೌಕಟ್ಟೊಂದು ಕೈಗೆ ಬರಲಿ, ನಿನಗೊಂದು ಕೈಕುರ್ಚಿ ಮಾಡಿಕೊಡುತ್ತೇನೆ, ಒಮ್ಮೆ ಕೂತರೆ ಏಳಲು ಮನಸ್ಸೇ ಬರಬಾರದು ಎಂದಿದ್ದ. ಚೌಕಟ್ಟು ಕೈಗೆ ಬರಲು ಹದಿನಾಲ್ಕು ವರ್ಷ ಹಿಡಿಯಿತು. ಬಂತು, ಸ್ಪ್ರಿಂಗು ಬಿಗಿದ, ಫೋಮು ಕೂರಿಸಿದ. ಹಸಿರು ಬಟ್ಟೆಯ ಗವುಸನ್ನು ದೊಡ್ಡ ಸೊಸೆಯೇ ಮೂರು ಸಂಜೆ ಕೂತು ಹೊಲಿದಳು. ಕೊನೆಯ ಮೊಳೆ ಹೊಡೆದ ಮಾರನೆಯ ದಿನ ಅಣ್ಣತಮ್ಮ ಇಬ್ಬರೂ ಸೇರಿ ಅದನ್ನು ಹೊತ್ತು, ಮೆಟ್ಟಿಲ ತಿರುವಿನಲ್ಲಿ ಗೋಡೆಯ ಬಣ್ಣ ಕೆರೆದು, ಮಹಡಿಯ ಮೇಲಿನ ಚಿಕ್ಕ ಸೊಸೆಯ ಕೋಣೆಗೆ ಸಾಗಿಸಿದರು.

"ಮಗೂಗೆ ಹಾಲು ಕೊಡೋವಾಗ ಬೆನ್ನಿಗೆ ಆಸರೆ ಇರಬೇಕಂತೆ. ಆರೋಗ್ಯ ಕೇಂದ್ರದ ಸಿಸ್ಟರ್ ಹೇಳಿದಾರೆ," ಎಂದ ಗಂಡ, ಕೆಳಗೆ ಬಂದು ಬೆವರು ಒರೆಸಿಕೊಳ್ಳುತ್ತಾ.

"ಗುಬ್ಬಿಗೆ ಹಾಲು ಕೊಡೋವಾಗ ನನ್ನ ಬೆನ್ನಿಗೆ ಏನಿತ್ತು?"

ಗಂಡ ಸ್ವಲ್ಪ ಯೋಚಿಸಿದ. "ಗೋಡೆ ಇತ್ತಲ್ಲ," ಎಂದ. ತಮಾಷೆಗೆ ಅಂದಿದ್ದರೆ ಅವಳು ಸುಮ್ಮನಾಗುತ್ತಿದ್ದಳೋ ಏನೋ. ಅವನು ನಿಜವಾಗಿಯೂ ನೆನಪು ಮಾಡಿಕೊಂಡು ಹೇಳಿದ್ದ, ಅದೇ ಅವಳಿಗೆ ಹೆಚ್ಚು ಉರಿಯಿತು.

ಸೋಫಾ, ಕುರ್ಚಿ, ಹಾಸಿಗೆ ರಿಪೇರಿಯ ಮನೆ ಅದು. ಕೆಳಗೆ ಬೀದಿಗೆ ತೆರೆದ ಅಂಗಡಿ, ಅದರ ಹಿಂದೆ ಅಡುಗೆಮನೆ, ಮೇಲೆ ಮೂರು ಕೋಣೆ. ಅಂಗಡಿಯ ಹಿಂಗೋಡೆಗೆ ಫೋಮಿನ ಹಾಳೆಗಳ ರಾಶಿ, ರಾಶಿಗೆ ಒತ್ತಿಕೊಂಡಂತೆ ದೊಡ್ಡ ಸೊಸೆಯ ಹೊಲಿಗೆ ಮಶೀನು. ಗಂಡ ಚೌಕಟ್ಟು ಸರಿಮಾಡಿದರೆ ಗವುಸು ಹೊಲಿಯುವುದು ಅವಳು. ಮೈದುನ ಲಿಫ್ಟ್ ಮೆಕ್ಯಾನಿಕ್, ಊರಿನ ಎತ್ತರದ ಕಟ್ಟಡಗಳಲ್ಲೆಲ್ಲ ಸಿಕ್ಕಿಬಿದ್ದವರನ್ನು ಇಳಿಸಿ ಬರುವವನು. ಅವನ ಹೆಂಡತಿ, ಚಿಕ್ಕ ಸೊಸೆ, ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಾಯಿತುಂಬ ಮಾತು, ಬಾಯಿತುಂಬ ನಗು. ಗಂಡುಮಗು ಹೆತ್ತು ಮನೆಗೆ ಬಂದ ಮೇಲೆ ಎರಡೂ ನಿಂತುಹೋದವು.

ಮಗು ಮಲಗಿದರೂ ಅವಳು ಮಲಗುತ್ತಿರಲಿಲ್ಲ. ತಟ್ಟೆಯಲ್ಲಿದ್ದುದನ್ನು ಬೆರಳಿನಿಂದ ಅತ್ತಿಂದಿತ್ತ ಸರಿಸಿ ಎದ್ದುಬಿಡುತ್ತಿದ್ದಳು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗುವವರೆಗೂ ಎದುರಿಗೇ ನಿಂತು ನೋಡುತ್ತಿದ್ದಳು. ಮೈದುನ ರಜೆ ಹಾಕಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ. ಇದು ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಬರುವ ಕಾಯಿಲೆ, ಸೋಮಾರಿತನವಲ್ಲ, ಔಷಧಿ ಇದೆ, ಆರೈಕೆ ಮಾಡಿದರೆ ವಾಸಿಯಾಗುತ್ತದೆ ಎಂದರು ಡಾಕ್ಟರು. ಪ್ರತಿ ಬುಧವಾರ ಒಬ್ಬ ಸಿಸ್ಟರ್ ಮನೆಗೇ ಬರತೊಡಗಿದರು. ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿದರು. ಬಾಣಂತಿಗೆ ಐದು ಗಂಟೆ ಒಂದೇ ಸಮನೆ ನಿದ್ದೆ ಆಗಬೇಕು. ಊಟಕ್ಕೆ ಕೂತಾಗ ಜೊತೆಗೆ ಒಬ್ಬರು ಇರಬೇಕು, ಅವಸರ ಮಾಡಬಾರದು, ಬುದ್ಧಿ ಹೇಳಬಾರದು.

ಮನೆಯವರೆಲ್ಲ ಅದನ್ನು ಚಾಚೂ ತಪ್ಪದೆ ಪಾಲಿಸಿದರು ನೋಡಿ, ದೊಡ್ಡವಳಿಗೆ ಅದನ್ನೇ ಸಹಿಸಲಾಗಲಿಲ್ಲ. ಅತ್ತೆ ಬೆಳಗಾಗುವ ಮುಂಚೆ ಎದ್ದು ಮಗುವನ್ನು ಎತ್ತಿಕೊಂಡು ಹೊರಗೆ ಬರುತ್ತಿದ್ದರು. ಮೈದುನ ಬಟ್ಟೆ ಒಗೆಯುತ್ತಿದ್ದ. ದೊಡ್ಡವಳ ಸ್ವಂತ ಮಗಳು, ಹದಿಮೂರು ವರ್ಷದ ಗುಬ್ಬಿ, ಶಾಲೆಯಿಂದ ಬಂದವಳೇ ಚೀಲ ಎಸೆದು ಮಹಡಿಗೆ ಓಡಿ ಚಿಕ್ಕಮ್ಮನಿಗೆ ಕಥೆಪುಸ್ತಕ ಓದಿ ಹೇಳುತ್ತಿದ್ದಳು. ಅಮ್ಮ ಮಾತಾಡಿಸಿದರೆ ಹೂಂ, ಉಹೂಂ ಬಿಟ್ಟು ಮೂರನೆಯ ಮಾತಾಡದ ಹುಡುಗಿ! ಎರಡು ಹೊತ್ತಿನ ಅಡುಗೆ, ಪಾತ್ರೆ, ಗವುಸುಗಳೆಲ್ಲ ದೊಡ್ಡವಳ ತಲೆಗೆ ಬಂದವು. ಅವಳೇ ಬೇಯಿಸಿದ ಮೊಟ್ಟೆಗಳಲ್ಲಿ ಎರಡು ಮೊದಲು ಮಹಡಿ ಹತ್ತುತ್ತಿದ್ದವು.

"ಅತ್ತೆ, ಗುಬ್ಬಿ ಹುಟ್ಟಿದ ಹನ್ನೆರಡನೇ ದಿನಕ್ಕೆ ನಾನು ಮಶೀನಿಗೆ ಕೂತಿದ್ದೆ," ಎಂದಳು ಒಂದು ಬೆಳಗ್ಗೆ, ತಟ್ಟೆ ಕುಕ್ಕುತ್ತಾ.

"ಆಗೆಲ್ಲ ಇದು ಯಾರಿಗೆ ಗೊತ್ತಿತ್ತು?"

"ಗೊತ್ತಿರಲಿಲ್ಲ, ಒಪ್ಪಿದೆ. ಕಣ್ಣೂ ಇರಲಿಲ್ವಾ?"

ಅತ್ತೆ ತಟ್ಟೆ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅವರು ಜಗಳಕ್ಕೆ ನಿಂತಿದ್ದರೆ ದೊಡ್ಡವಳಿಗೆ ಹಗುರವಾಗುತ್ತಿತ್ತು.

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರಿಟ್ಟು ಮುದ್ದು ಮಾಡುವುದು ಬೇಡ. ಕುರ್ಚಿಗಾಗಿ, ಮೊಟ್ಟೆಗಾಗಿ, ಮಗಳು ಓದುವ ಕಥೆಗಾಗಿ ಅವಳ ಹೊಟ್ಟೆ ಉರಿಯುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಆ ಕಾಯಿಲೆಯ ಹೆಸರಿಗಾಗಿ. ಹದಿಮೂರು ವರ್ಷದ ಹಿಂದೆ ಅವಳೂ ಹೀಗೇ ಇದ್ದಳು. ಹೊಲಿಯುತ್ತಾ ಹೊಲಿಯುತ್ತಾ ಕಣ್ಣೀರು ಸುರಿದು ದಾರ ಒದ್ದೆಯಾಗುತ್ತಿತ್ತು. ಆಗ ಅದಕ್ಕೆ ಮನೆಯಲ್ಲಿ ಇದ್ದ ಹೆಸರು ಧಿಮಾಕು. ಒಂದು ಮಧ್ಯಾಹ್ನ ಮಗುವನ್ನು ಫೋಮಿನ ರಾಶಿಯ ಮೇಲೆ ಮಲಗಿಸಿ, ಚಪ್ಪಲಿ ಮೆಟ್ಟಿ, ಬಸ್ ನಿಲ್ದಾಣಕ್ಕೆ ಹೋಗಿ ಕಡೆಯ ಬೆಂಚಿನ ಮೇಲೆ ಕೂತಿದ್ದಳು. ಯಾವ ಬಸ್ಸು ಬಂದರೆ ಅದನ್ನು ಹತ್ತುವುದು ಎಂದು. ಎರಡು ಗಂಟೆಯ ಹೊತ್ತಿಗೆ ಹತ್ತು ಬಸ್ಸು ಹೋದವು. ಎದೆಹಾಲು ಸೋರಿ ರವಿಕೆ ನೆನೆದ ಮೇಲೆ ಎದ್ದು ಬಂದಳು. ಮಗು ಇಟ್ಟಲ್ಲೇ ನಿದ್ದೆ ಮಾಡುತ್ತಿತ್ತು, ಅತ್ತ ಕುರುಹಿಲ್ಲ, ಬಟ್ಟೆ ಕೂಡ ಒಣಗಿತ್ತು. ಆ ಮಾತನ್ನು ಅವಳು ಇಂದಿನವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಸಿಸ್ಟರ್ ಕೊಟ್ಟುಹೋಗುವ ಕಾಗದವೊಂದಿತ್ತು. ಅದರಲ್ಲಿ ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಚೌಕ. ಕಳೆದ ಏಳು ದಿನಗಳಲ್ಲಿ ಮೊದಲಿನಂತೆ ನಗಲು ಆಗಿದೆಯೇ, ನಿದ್ದೆ ಬಂದಿದೆಯೇ, ಕಾರಣವಿಲ್ಲದೆ ಹೆದರಿಕೆಯಾಗಿದೆಯೇ, ಹೀಗೆ. ಹತ್ತನೆಯದು, ಎಲ್ಲವನ್ನೂ ಬಿಟ್ಟು ಹೊರಟುಹೋಗಬೇಕು ಅನ್ನಿಸಿದೆಯೇ. ಮಂಗಳವಾರ ಸಂಜೆ ಬಾಣಂತಿಯೇ ಗುರುತು ಹಾಕಬೇಕು. ಮಾರನೆಯ ಬೆಳಗ್ಗೆ ಗುಬ್ಬಿ ಶಾಲೆಗೆ ಹೋಗುವ ದಾರಿಯಲ್ಲಿ ಅದನ್ನು ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಬೇಕು. ಗುರುತುಗಳನ್ನು ಕೂಡಿಸಿ ಸಿಸ್ಟರ್ ಯಾರ ಮನೆಗೆ ಎಷ್ಟು ಸಲ ಹೋಗಬೇಕು ಎಂದು ಗೊತ್ತು ಮಾಡುತ್ತಿದ್ದರು.

ಕಾಗದ ನೋಡಿದರೆ ಅಕ್ಷರಗಳೆಲ್ಲ ಈಜಾಡುತ್ತವೆ ಎಂದು ಚಿಕ್ಕವಳು ಬರೆಯುವ ಕೆಲಸವನ್ನು ದೊಡ್ಡವಳಿಗೇ ವಹಿಸಿದ್ದಳು. "ಅಕ್ಕಾ, ನೀವು ಓದಿ. ನಾನು ಹೇಳ್ತೀನಿ, ನೀವೇ ಗುರುತು ಹಾಕಿ." ಮೊದಲ ಎರಡು ವಾರ ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಹಾಕಿದಳು. ಮೂರನೆಯ ಮಂಗಳವಾರ ಎರಡನೇ ಪ್ರಶ್ನೆಗೇ ಚಿಕ್ಕವಳ ಕಣ್ಣು ಎಳೆಯುತ್ತಿತ್ತು. ಮಾತ್ರೆ ಈಗೀಗ ನಿದ್ದೆ ತರುತ್ತಿತ್ತು.

"ಎಲ್ಲಾ ಹೋದ ವಾರದ ಹಾಗೇ, ಅಕ್ಕ," ಎಂದು ಹಸಿರು ಕುರ್ಚಿಯ ಒರಗಿಗೆ ತಲೆಯಿಟ್ಟು ಮಲಗಿಯೇಬಿಟ್ಟಳು.

ದೊಡ್ಡವಳು ಪೆನ್ನು ಹಿಡಿದು ನಿಂತಳು. ನಿಂತೇ ಇದ್ದಳು, ಏಕೆಂದರೆ ಆ ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ. ಮಲಗಿದವಳ ಕೆನ್ನೆಯ ಕೆಳಗೆ ತಾನು ಹಾಕಿದ ಹೊಲಿಗೆ ಕಾಣುತ್ತಿತ್ತು. ಕೆಳಗೆ ಅಂಗಡಿಯಲ್ಲಿ ನಾಳೆಗೆ ಕೊಡಬೇಕಾದ ಆರು ಗವುಸು ಕಾಯುತ್ತಿದ್ದವು. ಅವಳು ಹತ್ತೂ ಪ್ರಶ್ನೆಗೆ ಮೊದಲ ಚೌಕಕ್ಕೇ ಗುರುತು ಹಾಕಿದಳು. ನಗು ಬರುತ್ತದೆ, ನಿದ್ದೆ ಬರುತ್ತದೆ, ಹೆದರಿಕೆ ಇಲ್ಲ, ಹೋಗಬೇಕು ಅನ್ನಿಸಿಲ್ಲ. ಕೈ ನಡುಗಲಿಲ್ಲ. ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ.

ಒಮ್ಮೆ ಹಾಕಿದ ಮೇಲೆ ಮುಂದಿನ ವಾರ ಹಾಗೆಯೇ ಹಾಕದಿದ್ದರೆ ಸಿಕ್ಕಿಬೀಳುತ್ತಾಳಲ್ಲ. ಮೂರನೆಯ ವಾರದ ಕಾಗದ ನೋಡಿ ಸಿಸ್ಟರ್ ಆ ಬುಧವಾರ ಬೇರೆ ಮನೆಗೆ ಹೋಗಿದ್ದರು. ನಾಲ್ಕನೆಯ ವಾರವೂ ಹಾಕಿದಳು. ಬೆಳಗ್ಗೆ ಗುಬ್ಬಿ ಚಪ್ಪಲಿ ಹಾಕಿಕೊಳ್ಳುತ್ತಾ ಕಾಗದ ಬಿಡಿಸಿದಳು.

"ಅಮ್ಮ, ಚಿಕ್ಕಮ್ಮ ನಿನ್ನೆ ಅಳ್ತಿದ್ರಲ್ಲ. ಇದರಲ್ಲಿ ಅಳೋದೇ ಇಲ್ಲ ಅಂತಿದೆ."

"ನಿನ್ನ ಕೆಲಸ ಮುಟ್ಟಿಸೋದು. ಓದೋದಲ್ಲ."

ಗುಬ್ಬಿ ಅಮ್ಮನ ಮುಖವನ್ನೊಮ್ಮೆ ನೋಡಿದಳು. ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು. ಅಂದಿನಿಂದ ಅವಳು ಅಮ್ಮನ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟಳು.

ಸಿಸ್ಟರಿಂದ ಫೋನ್ ಬಂತು. ಸುಧಾರಿಸಿದೆ, ಸಂತೋಷ, ಮಾತ್ರೆ ಮಾತ್ರ ಬಿಡಬೇಡಿ, ಇನ್ನು ತಿಂಗಳಿಗೊಮ್ಮೆ ಬರುತ್ತೇನೆ ಎಂದರು. ಚಿಕ್ಕವಳು ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡು ಹೂಂ ಸಿಸ್ಟರ್, ಹೂಂ ಸಿಸ್ಟರ್ ಎಂದಳು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಅತ್ತೆಯ ಮಂಡಿನೋವು ಮತ್ತೆ ಜ್ಞಾಪಕಕ್ಕೆ ಬಂತು, ಬೆಳಗಿನ ಜಾವ ಏಳುವುದು ನಿಂತಿತು. ಮೈದುನ ಬಿಟ್ಟಿದ್ದ ಸಂಜೆ ಪಾಳಿಯನ್ನು ಮತ್ತೆ ಹಿಡಿದ. ವಾಸಿಯಾದ ಮೇಲೆ ಕುರ್ಚಿ ಅಲ್ಲಿ ಯಾಕೆ, ಅಂಗಡಿಯಲ್ಲಿದ್ದರೆ ಗಿರಾಕಿಗಳಿಗೆ ತೋರಿಸಬಹುದು ಎಂದು ಅತ್ತೆಯೇ ಹೇಳಿ ಅದನ್ನು ಕೆಳಗಿಳಿಸಿದರು.

ಅಂದು ಊಟವಾದ ಮೇಲೆ ದೊಡ್ಡವಳು ಅದರಲ್ಲಿ ಕೂತಳು. ಚೆನ್ನಾಗಿತ್ತು. ಗಂಡ ಹೇಳಿದ ಹಾಗೆ ಏಳಲು ಮನಸ್ಸು ಬರಲಿಲ್ಲ. ಆದರೆ ಮಹಡಿಯಲ್ಲಿ ಮಗು ಅಳುತ್ತಿತ್ತು, ಅದನ್ನು ಯಾರೂ ಎತ್ತಿಕೊಂಡಂತೆ ಕೇಳಿಸಲಿಲ್ಲ. ಅವಳು ಎದ್ದು ಹೋಗಿ ಮಶೀನು ತುಳಿಯತೊಡಗಿದಳು, ಅಳು ಕಿವಿಗೆ ಬೀಳದಿರಲಿ ಎಂದು.

ಮುಂದಿನ ಹತ್ತು ದಿನ ಚಿಕ್ಕವಳು ಅಡುಗೆಮನೆಗೆ ಬಂದಳು, ತರಕಾರಿ ಹೆಚ್ಚಿದಳು, ಕರೆದರೆ ಓಗೊಟ್ಟಳು. ಎಲ್ಲರೂ ನೋಡಿ, ಹೇಗಿದ್ದವಳು ಹೇಗಾದಳು ಎಂದರು. ಅವಳ ಸೊರಗಿದ ಕೈಯಲ್ಲಿ ಬಳೆ ಮೊಣಕೈವರೆಗೂ ಸರಿಯುತ್ತಿದ್ದುದನ್ನು ದೊಡ್ಡವಳೊಬ್ಬಳೇ ಕಂಡಳು. ಕಂಡೂ ಬಾಯಿಗೆ ಬೀಗ ಹಾಕಿಕೊಂಡಳು.

ಒಂದು ಮಧ್ಯಾಹ್ನ ಗಂಡ ಗಿರಾಕಿಯ ಮನೆಗೆ ಸೋಫಾ ತಲುಪಿಸಲು ಹೋಗಿದ್ದ. ಅತ್ತೆ ಮೇಲೆ ಮಲಗಿದ್ದರು. ದೊಡ್ಡವಳು ದಪ್ಪ ರೆಕ್ಸಿನ್‌ಗೆ ಹೊಲಿಗೆ ಹಾಕುತ್ತಿದ್ದಳು, ತಲೆಯೆತ್ತುವ ಹಾಗಿರಲಿಲ್ಲ. ಬೆನ್ನ ಹಿಂದೆ ಚಿಕ್ಕವಳ ದನಿ ಕೇಳಿತು.

"ಅಕ್ಕಾ, ಸ್ವಲ್ಪ ನೋಡ್ಕೊಳ್ತಿರಿ. ಇಲ್ಲೇ ಹೋಗಿಬರ್ತೀನಿ."

"ಹೂಂ," ಎಂದಳು ದೊಡ್ಡವಳು. ಹೊಲಿಗೆಯ ಸಾಲು ಮುಗಿಸಿ, ದಾರ ಕತ್ತರಿಸಿ, ಆಮೇಲೆ ತಿರುಗಿದಳು. ಮಗು ಫೋಮಿನ ರಾಶಿಯ ಮೇಲೆ ಮಲಗಿತ್ತು. ಬೀಳದಿರಲಿ ಎಂದು ಚಿಕ್ಕವಳು ಎರಡೂ ಪಕ್ಕಕ್ಕೆ ಫೋಮಿನ ತುಂಡು ಇಟ್ಟಿದ್ದಳು. ಹದಿಮೂರು ವರ್ಷದ ಹಿಂದೆ ದೊಡ್ಡವಳೂ ಹಾಗೆಯೇ ಇಟ್ಟಿದ್ದಳು.

ಅವಳು ಕೈಯಲ್ಲಿದ್ದ ಕತ್ತರಿ ಬಿಟ್ಟು ಎದ್ದಳು. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೆಯೇ ಬೀದಿಗಿಳಿದಳು. ಎಲ್ಲಿಗೆ ಹೋಗಬೇಕು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ.

ಬೆಂಚುಗಳು ಈಗ ಕಬ್ಬಿಣದವು. ಕಡೆಯದರಲ್ಲಿ ಚಿಕ್ಕವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಚೀಲವಿಲ್ಲ, ಏನೂ ಇಲ್ಲ. ದೊಡ್ಡವಳು ಏದುಸಿರು ಬಿಡುತ್ತಾ ಪಕ್ಕದಲ್ಲಿ ಕೂತಳು. ಒಂದು ಬಸ್ಸು ಬಂತು, ಹೋಯಿತು.

"ನಾನು ಇಲ್ಲಿದೀನಿ ಅಂತ ಹೇಗೆ ಗೊತ್ತಾಯ್ತು?"

"ಗೊತ್ತಾಯ್ತು."

"ನನಗೆ ವಾಸಿಯಾಗಿದೆಯಂತಲ್ಲ, ಅಕ್ಕ," ಎಂದಳು ಚಿಕ್ಕವಳು. "ಸಿಸ್ಟರೇ ಹೇಳಿದ್ರು. ಕಾಯಿಲೆ ಇದ್ದಾಗ, ಇದು ಕಾಯಿಲೆ, ಹೋಗುತ್ತೆ ಅಂತ ಧೈರ್ಯ ಇತ್ತು. ವಾಸಿಯಾದ ಮೇಲೂ ಮಗು ಅತ್ತರೆ ಎತ್ಕೋಬೇಕು ಅನ್ನಿಸ್ತಿಲ್ಲ. ಹಾಗಾದ್ರೆ ಅದು ಕಾಯಿಲೆ ಅಲ್ಲ, ನಾನೇ ಇಂಥವಳು. ಅವನಿಗೆ ನಾನು ಇಲ್ಲದೆ ಇರೋದೇ ವಾಸಿ."

ದೊಡ್ಡವಳಿಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಅವಳು ಅಂದುಕೊಂಡದ್ದು ಕುರ್ಚಿ ಕಿತ್ತುಕೊಂಡೆ, ಉಪಚಾರ ಕಿತ್ತುಕೊಂಡೆ ಎಂದಷ್ಟೇ. ಹತ್ತು ಗುರುತಿನಲ್ಲಿ ಈ ಹುಡುಗಿಯ ಆಸರೆಯನ್ನೇ ಎಳೆದುಬಿಟ್ಟಿದ್ದಳು.

"ನಿನಗೆ ವಾಸಿಯಾಗಿಲ್ಲ," ಎಂದಳು. "ಆ ಗುರುತೆಲ್ಲ ಸುಳ್ಳು. ನೀನು ಮಲಗಿದ್ದಾಗ ನಾನು ಹಾಕಿದ್ದು. ಎರಡು ವಾರ."

"ತಪ್ಪಿ ಹಾಕಿದ್ರಾ?"

ಹೌದು ಎಂದುಬಿಡಬಹುದಿತ್ತು. ಚಿಕ್ಕವಳು ಆ ದಾರಿಯನ್ನು ಅವಳಿಗೆ ತೆರೆದೇ ಕೊಟ್ಟಿದ್ದಳು.

"ಇಲ್ಲ. ಹೊಟ್ಟೆಕಿಚ್ಚಿಗೆ."

ಚಿಕ್ಕವಳು ಅವಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಕೈಚಾಚಿ ಮಗುವನ್ನು ತೆಗೆದುಕೊಂಡಳು. ಪ್ರೀತಿಯಿಂದಲ್ಲ, ಇವಳ ಕೈಯಲ್ಲಿ ಇರಬಾರದು ಎಂಬಂತೆ. ಮನೆಯವರೆಗೂ ಎರಡು ಮಾರು ಮುಂದೆಯೇ ನಡೆದಳು.

ಸಂಜೆ ಊಟಕ್ಕೆ ಎಲ್ಲರೂ ಕೂತಾಗ ದೊಡ್ಡವಳು ಬಡಿಸುವುದನ್ನು ನಿಲ್ಲಿಸಿ ಹೇಳಿದಳು. ಮೈದುನ ತಟ್ಟೆ ದೂಡಿ ಎದ್ದ. ಅತ್ತಿಗೆ, ನಿಮ್ಮನ್ನ ಅಮ್ಮನಿಗಿಂತ ಹೆಚ್ಚು ನಂಬಿದ್ದೆ ಎಂದ, ಅಮ್ಮ ಎದುರಿಗೇ ಕೂತಿದ್ದರೂ. ಗಂಡ ತನ್ನ ಕೈ ನೋಡಿಕೊಳ್ಳುತ್ತಾ ಕೂತ. ಒಂದು ಕುರ್ಚಿಗೋಸ್ಕರ ಇಷ್ಟು ಮಾಡಿದೆಯಾ ಎಂದು ಕೇಳಿದ. ಅವನಿಗೆ ಅಷ್ಟೇ ಅರ್ಥವಾಗಿತ್ತು. ಗುಬ್ಬಿ ತಲೆತಗ್ಗಿಸಿಕೊಂಡೇ, "ನಾನು ಆವತ್ತೇ ಕೇಳಿದ್ದೆ," ಎಂದಳು. ಅದು ಎಲ್ಲರ ಮಾತಿಗಿಂತ ಹೆಚ್ಚು ಚುಚ್ಚಿತು. ಅತ್ತೆ ಮಾತ್ರ ಮಗ ದೂಡಿದ ತಟ್ಟೆಯನ್ನು ಎತ್ತಿ ಬದಿಗಿಟ್ಟರು.

ಮಾರನೆಯ ಬೆಳಗ್ಗೆ ಆರೋಗ್ಯ ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಅವಳು ಹೋಗಿ ನಿಂತಿದ್ದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಸಿಸ್ಟರ್ ಎಲ್ಲ ಕೇಳಿ, ಮೊದಲು ಫೋನ್ ತೆಗೆದು ಡಾಕ್ಟರಿಗೆ ಹೇಳಿ ಅದೇ ದಿನ ಚಿಕ್ಕವಳನ್ನು ನೋಡುವ ವ್ಯವಸ್ಥೆ ಮಾಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇಪ್ಪತ್ತು ಮನೆ ಸುತ್ತಬೇಕು ಎಂದು ಕಾಗದ ನಂಬಿ ಮನುಷ್ಯರನ್ನು ನೋಡದೆ ಬಿಟ್ಟೆ, ಅದು ನನ್ನ ತಪ್ಪು ಎಂದರು. ಇನ್ನು ಮೇಲೆ ಆ ಕಾಗದವನ್ನು ತಮ್ಮ ಎದುರಿಗೇ ತುಂಬಿಸಬೇಕು ಎಂದೂ ಹೇಳಿದರು. ಕಡೆಗೆ ಕೇಳಿದರು:

"ನಿಮಗೆ ಅಷ್ಟು ಉರಿ ಯಾಕೆ ಬಂತು?"

ದೊಡ್ಡವಳು ಮೇಜಿನ ಮೇಲಿನ ಕಾಗದದ ಕಟ್ಟನ್ನು ನೋಡಿದಳು. "ಸಿಸ್ಟರ್, ಇದರಲ್ಲಿ ಕಳೆದ ಏಳು ದಿನ ಅಂತಿದೆಯಲ್ಲ. ಹದಿಮೂರು ವರ್ಷದ ಹಿಂದಿನ ಏಳು ದಿನಕ್ಕೆ ನಡೆಯುತ್ತಾ?"

ಸಿಸ್ಟರ್ ಕಟ್ಟಿನಿಂದ ಒಂದು ಹಾಳೆ ಎಳೆದು ಅವಳ ಕೈಗೆ ಕೊಟ್ಟರು. ತುಂಬಿಸಿಕೊಂಡು ನೀವೂ ಬನ್ನಿ ಎಂದರು.

ಕುರ್ಚಿ ಮತ್ತೆ ಮಹಡಿ ಹತ್ತಿತು. ಈ ಸಲ ಒಂದು ಕಾಲು ಹಿಡಿದದ್ದು ದೊಡ್ಡವಳು. ಡಾಕ್ಟರು ಮಾತ್ರೆ ಬದಲಿಸಿದರು, ಸಿಸ್ಟರ್ ವಾರಕ್ಕೆ ಎರಡು ಸಲ ಬಂದರು, ಮೈದುನ ಪಾಳಿ ಬಿಟ್ಟ. ಚಿಕ್ಕವಳು ದೊಡ್ಡವಳ ಜೊತೆ ಒಂಬತ್ತು ದಿನ ಮಾತಾಡಲಿಲ್ಲ. ದೊಡ್ಡವಳು ಮೊಟ್ಟೆ ಬೇಯಿಸಿ ಬಾಗಿಲ ಹೊರಗಿಟ್ಟು ಬರುತ್ತಿದ್ದಳು. ಹೊಟ್ಟೆಕಿಚ್ಚು ಹೋಗಿತ್ತೇ ಎಂದರೆ, ಇಲ್ಲ. ಮಹಡಿಯಲ್ಲಿ ಗುಬ್ಬಿಯ ದನಿ ಕೇಳಿದಾಗಲೆಲ್ಲ ಒಳಗೆ ಸುರ್ರೆನ್ನುತ್ತಿತ್ತು. ಆದರೂ ಮೊಟ್ಟೆ ಎರಡೂ ಹೋಗುತ್ತಿದ್ದವು.

ಕುರ್ಚಿ ಮತ್ತೆ ಮೇಲೆ ಹೋದ ಐದನೆಯ ವಾರ ಚಿಕ್ಕವಳು ತಾನಾಗಿ ಕೆಳಗಿಳಿದು ಬಂದಳು. ಒಂದು ಗುಂಡಿ ಹಾಕಿಸಿಕೊಳ್ಳಬೇಕಿತ್ತು. ಮಶೀನಿನ ಅಡಿಯಲ್ಲಿ ಸಿಕ್ಕಿಸಿದ್ದ ಕಾಗದದ ತುದಿ ಕಂಡು ಎಳೆದಳು.

"ಇದು ಖಾಲಿ ಇದೆಯಲ್ಲ, ಅಕ್ಕ."

"ಅದು ನಂದು. ನನಗೆ ಗುರುತು ಹಾಕೋಕೆ ಕೈ ಬರ್ತಿಲ್ಲ."

ಚಿಕ್ಕವಳು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಮೇಲೆ ಬನ್ನಿ, ನೀವು ಹೇಳಿ, ನಾನು ಹಾಕುತ್ತೇನೆ ಎಂದಳು. ನೀವು ಮಲಗಿದರೂ ಸುಳ್ಳು ಹಾಕುವುದಿಲ್ಲ ಎಂದೂ ಸೇರಿಸಿದಳು. ಹೆರಿಗೆಯಾದ ಮೇಲೆ ಅವಳ ಬಾಯಲ್ಲಿ ಬಂದ ಮೊದಲ ಕುಹಕ ಅದು. ದೊಡ್ಡವಳು ಅದನ್ನು ತಲೆಬಾಗಿ ತೆಗೆದುಕೊಂಡಳು.

ಕೋಣೆಯಲ್ಲಿ ಚಿಕ್ಕವಳು ಮಗುವಿನ ಪಕ್ಕ ಮಂಚದ ಮೇಲೆ ಕೂತಳು. ಉಳಿದದ್ದು ಕುರ್ಚಿಯೊಂದೇ. ದೊಡ್ಡವಳು ಅದರ ತುದಿಯಲ್ಲಿ ಕೂತು ಒಂದೊಂದಕ್ಕೇ ಉತ್ತರ ಹೇಳಿದಳು. ನಗು? ಇರಲಿಲ್ಲ. ನಿದ್ದೆ? ಇರಲಿಲ್ಲ. ಹತ್ತನೆಯದು ಬಂದಾಗ ಅವಳು ಫೋಮಿನ ರಾಶಿ, ಚಪ್ಪಲಿ, ಬೆಂಚು, ಹತ್ತು ಬಸ್ಸು ಎಲ್ಲವನ್ನೂ ಹೇಳಿದಳು. ಅತ್ತೆ ಒಗೆದ ಬಟ್ಟೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ಎರಡು ಗಂಟೆ ಹೊತ್ತು, ಕಣೇ. ಮಗು ಅಳಲೇ ಇಲ್ಲ. ಬಟ್ಟೆ ಕೂಡ ಒಣಗಿತ್ತು. ಅದು ಹೇಗೆ ಅಂತ ಇವತ್ತಿಗೂ ತಿಳಿದಿಲ್ಲ."

"ಅತ್ತಿತ್ತು," ಎಂದರು ಅತ್ತೆ.

ಇಬ್ಬರೂ ತಿರುಗಿದರು.

"ಬಿದ್ದು ಬಿದ್ದು ಅತ್ತಿತ್ತು. ಎತ್ತಿಕೊಂಡು ಅಂಗಡಿಯೊಳಗೆ ಓಡಾಡಿದೆ. ಎರಡು ಸಲ ಬಟ್ಟೆ ಬದಲಿಸಿದೆ. ನೀನು ಬೀದಿ ತುದೀಲಿ ಬರೋದು ಕಂಡಿತು. ಮಗೂನ ಅಲ್ಲೇ ಮಲಗಿಸಿ ಮೇಲಕ್ಕೆ ಹೋದೆ."

ದೊಡ್ಡವಳು ಕುರ್ಚಿಯ ಕೈ ಹಿಡಿದುಕೊಂಡಳು. "ನಿಮಗೆ ಗೊತ್ತಿತ್ತು," ಎಂದಳು. "ಹದಿಮೂರು ವರ್ಷ. ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀನು ಹೇಳಿಬಿಡ್ತಿದ್ದೆ." ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. "ಹೇಳಿದ ಮೇಲೆ ನಾನೇನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಅದಕ್ಕೇ ಧಿಮಾಕು ಅಂದೆ. ಹಾಗನ್ನೋದು ಸುಲಭ."

ಮಗು ನಿದ್ದೆಯಲ್ಲಿ ಮುಲುಗಿತು. ಚಿಕ್ಕವಳು ಅದರ ಬೆನ್ನಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದರಲ್ಲಿ ಪೆನ್ನು ಹಿಡಿದು, ಯಾವ ಚೌಕಕ್ಕೆ ಹಾಕಲಿ ಎಂದು ಮೆಲ್ಲಗೆ ಕೇಳಿದಳು. ಕಡೆಯದಕ್ಕೆ ಎಂದಳು ದೊಡ್ಡವಳು.

ಅತ್ತೆ ಬಟ್ಟೆಯನ್ನು ಮಂಚದ ಮೇಲಿಟ್ಟು, ನೋಯುವ ಮಂಡಿಯನ್ನು ಒತ್ತಿಕೊಳ್ಳುತ್ತಾ ಕುರ್ಚಿಯ ಎದುರಿಗೆ ನೆಲದ ಮೇಲೆ ಕೂತರು.

"ಈಗ ಕೇಳ್ತಿದೀನಿ," ಎಂದರು. "ಹೇಳು."

ದೊಡ್ಡವಳು ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು, ಒರಗಿಗೆ ಪೂರ್ತಿ ಬೆನ್ನು ಕೊಟ್ಟು, ಮೊದಲಿನಿಂದ ಹೇಳತೊಡಗಿದಳು.